ಅಡವಿಟ್ಟದ್ದನ್ನು ಬಿಡಿಸುವ ಬಂಧು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ. ಈ ನಾಲ್ಕು ತಾಲ್ಲೂಕುಗಳ ಹೊಗೆಸೊಪ್ಪಿನ ಊರುಗಳಲ್ಲಿ ‘ಬಿಡಿಸ್ಕೊಂಡು ಬರೋದು’ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯ ಕೊನೆಗೆ ಸಸಿಮಡಿ, ಗೊಬ್ಬರ, ಆಳುಕೂಲಿ, ಮುಂದೆ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಎಂದು ಕೈ ಬರಿದಾದಾಗ ಮನೆಯ ಹೆಂಗಸಿನ ಸರವೋ ಬಳೆಯೋ ಗಿರವಿಗೆ ಹೋಗುತ್ತದೆ. ಮಳೆಗಾಲದಲ್ಲಿ ಎಲೆ ಮುರಿದು, ಬೇಯಿಸಿ, ಗ್ರೇಡು ಮಾಡಿ, ಕಟ್ಟೆಮಳಲವಾಡಿಯಲ್ಲೋ ಚಿಲ್ಕುಂದದಲ್ಲೋ ಕಂಪಲಾಪುರದಲ್ಲೋ ಹರಾಜಿಗಿಟ್ಟು, ದುಡ್ಡು ಕೈಗೆ ಬಂದ ಮೇಲೆ ಒಡವೆ ವಾಪಸು ಬರುತ್ತದೆ. ಬಾರದ ವರ್ಷಗಳೂ ಇವೆ.

ನನ್ನ ಅವ್ವನ ಎರಡೆಳೆ ಸರ ವರ್ಷದಲ್ಲಿ ಆರೇಳು ತಿಂಗಳು ಮನೆಯಲ್ಲಿ ಇರುತ್ತಿರಲಿಲ್ಲ. ಅದಕ್ಕಾಗಿ ಅವಳು ಅತ್ತದ್ದನ್ನು ನಾನು ಕಾಣೆ. ಆದರೆ ಬಿಡಿಸಿಕೊಂಡು ಬಂದ ದಿನ ಗಿರವಿ ಚೀಟಿಯನ್ನು ಒಲೆಗೆ ಹಾಕಿ, ಅದು ಪೂರ್ತಿ ಬೂದಿಯಾಗುವವರೆಗೂ ಕದಲದೆ ಕೂತಿರುತ್ತಿದ್ದಳು. ಗುಡಿಯಲ್ಲಿ ಗುರುಗಳ ಬಾಯಲ್ಲಿ ‘ವಿಮೋಚನೆ’ ಎಂಬ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಒಲೆ. ಎಷ್ಟೋ ವರ್ಷಗಳಾದ ಮೇಲೆ, ಕೊಲೊಸ್ಸೆ ಊರಿನವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವ ಮಾತು ಓದಿದೆ: ಮನುಷ್ಯರ ಮೇಲಿದ್ದ ಸಾಲಪತ್ರವನ್ನು ದೇವರು ಅಳಿಸಿಹಾಕಿ ಶಿಲುಬೆಗೆ ಮೊಳೆ ಹೊಡೆದುಬಿಟ್ಟ ಎಂಬ ಅರ್ಥದ ಮಾತು. ಇದನ್ನು ಅವ್ವನಿಗೆ ಯಾರೂ ವಿವರಿಸಿರಲಿಲ್ಲ, ವಿವರಿಸುವ ಅಗತ್ಯವೂ ಇರಲಿಲ್ಲ.

ಕ್ರೈಸ್ತ ಬೋಧನೆಯಲ್ಲಿ ವಿಮೋಚನೆ ಎನ್ನುವುದು ನಡುಗಂಬದಂಥ ಪದ. ಈಗ ಅದು ಪುಸ್ತಕದ ಪದವಾಗಿದೆ, ಹುಟ್ಟಿದ್ದು ಮಾತ್ರ ಸಂತೆಯಲ್ಲಿ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಬರುವ ‘ಲೂಟ್ರಾನ್’ ಅಂದರೆ ಯುದ್ಧದಲ್ಲಿ ಸೆರೆಸಿಕ್ಕವನನ್ನೋ ಗುಲಾಮನನ್ನೋ ಬಿಡಿಸಲು ಎಣಿಸಿ ಕೊಡುವ ಹಣ. ಹತ್ತೊಂಬತ್ತನೇ ಶತಮಾನದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾಗಿ ಆಮೇಲೆ ಬಾಸೆಲ್ ಮಿಷನ್ನಿನವರವರೆಗೆ ಬೈಬಲನ್ನು ಕನ್ನಡಕ್ಕೆ ತಂದವರು ಇಂಥ ಪದಗಳಿಗಾಗಿ ಎಷ್ಟು ತಡಕಾಡಿರಬೇಕು! ಕ್ರಿಸ್ತ ತನ್ನ ಪ್ರಾಣವನ್ನು ಅನೇಕರಿಗಾಗಿ ಕೊಡಲು ಬಂದ ಎನ್ನುವಲ್ಲಿ ಕನ್ನಡ ಬೈಬಲ್ ಬಳಸುವ ಪದ ‘ಈಡು’. ಈಡು ಕೊಟ್ಟು ಬಿಡಿಸಿಕೊಳ್ಳುವುದು. ಇಷ್ಟು ಚಿಕ್ಕದಾಗಿ, ಇಷ್ಟು ನಮ್ಮದಾಗಿ ಹೇಳಲು ಬೇರೆ ಪದ ಇರಲಾರದು. ಇಂದಿನ ಪ್ರವಚನಗಳಲ್ಲಿ ಈ ಪದ ಮರೆಯಾಗುತ್ತಿರುವುದು ನನಗೆ ನೋವಿನ ಸಂಗತಿ.

ಯೇಸುವಿಗೂ ಬಹಳ ಹಿಂದೆ, ಯೆಹೂದ್ಯರ ಧರ್ಮಶಾಸ್ತ್ರದಲ್ಲೇ ಇದಕ್ಕೆ ಬೇರಿದೆ. ಯಾಜಕಕಾಂಡದ ಇಪ್ಪತ್ತೈದನೇ ಅಧ್ಯಾಯವನ್ನು ನಮ್ಮ ಕಡೆಯ ಯಾವ ರೈತ ಓದಿದರೂ ಇದು ನಮ್ಮೂರಿನದೇ ವಿಷಯ ಎನ್ನುತ್ತಾನೆ. ಒಬ್ಬ ಬಡತನಕ್ಕೆ ಬಿದ್ದು ಹೊಲ ಮಾರಿದರೆ ಅವನ ಹತ್ತಿರದ ಬಂಧು ಬಂದು ಬಿಡಿಸಬೇಕು. ಇನ್ನೂ ಕೆಳಗೆ ಬಿದ್ದು ತನ್ನನ್ನೇ ಮಾರಿಕೊಂಡು ಜೀತಕ್ಕಿಳಿದರೆ ಆಗಲೂ ಬಂಧು ಬಿಡಿಸಬೇಕು. ಯಾರೂ ಬಿಡಿಸದೇ ಹೋದರೆ? ಐವತ್ತನೇ ವರ್ಷ ಕೊಂಬು ಊದಿಸಿ ಹೊಲವನ್ನು ಹೊಲದವನಿಗೆ, ಮನುಷ್ಯನನ್ನು ಅವನ ಮನೆಗೆ ಹಿಂತಿರುಗಿಸಬೇಕು. ಭೂಮಿ ದೇವರದು, ನೀವು ಅದರ ಮೇಲೆ ಗೇಣಿಗಿರುವವರು ಎಂಬುದೇ ಅದಕ್ಕೆ ಅಲ್ಲಿ ಕೊಟ್ಟಿರುವ ಕಾರಣ.

ಎಚ್.ಡಿ. ಕೋಟೆ ಸೀಮೆಯಲ್ಲಿ ಜೀತ ಎಂಬ ಪದ ಹಳೆಯ ಕಥೆಗಳಲ್ಲಿ ಮಾತ್ರ ಇರುವುದಲ್ಲ. ಸಾವಿರವೋ ಎರಡು ಸಾವಿರವೋ ಸಾಲಕ್ಕೆ ಅಪ್ಪ ದುಡಿದು, ಅದು ತೀರದೆ ಮಗ ದುಡಿದ ಮನೆಗಳು ಆದಿವಾಸಿ ಹಾಡಿಗಳಲ್ಲೂ ದಲಿತ ಕೇರಿಗಳಲ್ಲೂ ಇದ್ದವು. ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂದ ಮೇಲೂ ಒಬ್ಬೊಬ್ಬರನ್ನೂ ಪತ್ತೆಹಚ್ಚಿ, ಅರ್ಜಿ ಬರೆಸಿ, ತಹಶೀಲ್ದಾರರ ಮುಂದೆ ನಿಲ್ಲಿಸಿ ಬಿಡುಗಡೆಯ ಪತ್ರ ಕೊಡಿಸಬೇಕಾಯಿತು. ಜೀತದಲ್ಲಿರುವವನು ತನ್ನನ್ನು ತಾನೇ ಬಿಡಿಸಿಕೊಳ್ಳಲಾರ. ಎಷ್ಟು ದುಡಿದರೂ ಅದು ಬಡ್ಡಿಗೆ ಹೋಗುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಹೊರಗಿನಿಂದ ಒಬ್ಬರು ಬರಲೇಬೇಕು. ಪಾಪದ ವಿಷಯದಲ್ಲಿ ಮನುಷ್ಯನ ಸ್ಥಿತಿ ಹೀಗೆ ಎನ್ನುತ್ತದೆ ಕ್ರೈಸ್ತ ಬೋಧನೆ. ಮನುಷ್ಯ ಕೆಟ್ಟವನು ಎಂದು ಬೈಯುವ ಮಾತಲ್ಲ ಅದು. ತನ್ನ ದುಡಿಮೆಯಿಂದ ತೀರಿಸಲಾಗದ ಸಾಲದಲ್ಲಿ ಸಿಕ್ಕಿದ್ದಾನೆ ಎಂಬ ಮಾತು.

ಹಾಗೆ ಬಿಡಿಸಲು ಬರುವವನಿಗೆ ಹೀಬ್ರೂ ಭಾಷೆಯಲ್ಲಿ ‘ಗೋಏಲ್’ ಎಂಬ ಹೆಸರು. ಬಿಡಿಸುವವನು ಮತ್ತು ಹತ್ತಿರದ ಬಂಧು, ಎರಡೂ ಅರ್ಥ ಒಂದೇ ಪದದಲ್ಲಿ. ರೂತಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬರಗಾಲಕ್ಕೆ ಬೆತ್ಲೆಹೇಮ್ ಬಿಟ್ಟು ಪರದೇಶಕ್ಕೆ ಹೋದ ನವೊಮಿ ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು, ವಿಧವೆ ಸೊಸೆ ರೂತಳೊಂದಿಗೆ ಬರಿಗೈಯಲ್ಲಿ ಊರಿಗೆ ಬರುತ್ತಾಳೆ. ಸೊಸೆ ಜವೆಗೋಧಿ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲಾಯ್ದು ಅತ್ತೆಯನ್ನು ಸಾಕುತ್ತಾಳೆ. ಹೊಲದ ಯಜಮಾನ ಬೋವಜ ನವೊಮಿಯ ಗಂಡನ ಕಡೆಯ ನೆಂಟ. ಅವನು ಊರಬಾಗಿಲಲ್ಲಿ ಹತ್ತು ಜನ ಹಿರಿಯರನ್ನು ಕೂರಿಸಿ, ತನಗಿಂತ ಹತ್ತಿರದ ನೆಂಟನೊಬ್ಬನನ್ನು ಕರೆಸಿ, ನವೊಮಿಯ ಹೊಲ ಬಿಡಿಸುತ್ತೀಯಾ ಎಂದು ಕೇಳುತ್ತಾನೆ. ಮೊದಲು ಹೂಂ ಎಂದವನು, ಹೊಲದ ಜೊತೆ ಆ ಪರದೇಶಿ ಸೊಸೆಯ ಹೊಣೆಯೂ ಬರುತ್ತದೆ ಎಂದಾಗ ಹಿಂದೆ ಸರಿಯುತ್ತಾನೆ. ಹಕ್ಕು ಬಿಟ್ಟದ್ದಕ್ಕೆ ಗುರುತಾಗಿ ಕಾಲಿನ ಕೆರ ಬಿಚ್ಚಿ ಕೊಡುತ್ತಾನೆ. ಅರಳಿಕಟ್ಟೆಯ ನ್ಯಾಯ ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ಲಾಭ ಇದ್ದರೆ ಬಂಧು, ಹೊರೆ ಬಂದರೆ ಪರರು. ಬೋವಜ ಹೊರೆಯ ಸಮೇತ ಬಿಡಿಸಿದ. ಅವನ ವಂಶದಲ್ಲಿ ದಾವೀದ ಹುಟ್ಟಿದ, ಅದೇ ಬೆತ್ಲೆಹೇಮಿನಲ್ಲಿ ಮುಂದೆ ಯೇಸು ಹುಟ್ಟಿದ.

ದೇವರು ಯಾಕೆ ಮನುಷ್ಯನಾಗಬೇಕಿತ್ತು, ಮೇಲಿನಿಂದಲೇ ಕ್ಷಮಿಸಿಬಿಡಬಹುದಿತ್ತಲ್ಲ ಎಂದು ನನ್ನನ್ನು ಕೇಳಿದ ಸ್ನೇಹಿತರಿದ್ದಾರೆ. ಕಷ್ಟದ ಪ್ರಶ್ನೆ. ಬಿಡಿಸುವ ಹಕ್ಕು ಬಂಧುವಿಗೆ, ಆದ್ದರಿಂದ ದೇವರು ಮೊದಲು ನಮಗೆ ಬಂಧುವಾದ ಎಂಬುದು ಈ ಪರಂಪರೆ ಕೊಡುವ ಉತ್ತರಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು. ತವರಿನ ಅಣ್ಣ ತಂಗಿಯ ಅಡವಿಟ್ಟ ಓಲೆ ಬಿಡಿಸಿಕೊಟ್ಟಾಗ ತಂಗಿ ಎಣಿಸುವುದು ಹಣವನ್ನಲ್ಲ.

ಕೊಟ್ಟ ಬೆಲೆ ಯಾರಿಗೆ ಸಂದಿತು ಎಂದು ದೇವಶಾಸ್ತ್ರಜ್ಞರು ಶತಮಾನಗಟ್ಟಲೆ ಚರ್ಚಿಸಿದರು. ಸೈತಾನನಿಗೆ ಎಂದರು ಕೆಲವರು. ಕಳ್ಳನಿಗೆ ಬೆಲೆಯೇ ಎಂದು ನಾಲ್ಕನೇ ಶತಮಾನದಲ್ಲೇ ನಾಜಿಯಾಂಜಸ್‌ನ ಗ್ರೆಗರಿ ಸಿಡುಕಿದ. 1098ರ ಹೊತ್ತಿಗೆ ‘ದೇವರು ಮನುಷ್ಯನಾದದ್ದೇಕೆ’ ಎಂಬ ಪುಸ್ತಕ ಬರೆದು ಮುಗಿಸಿದ ಆನ್‌ಸೆಲ್ಮ್, ಕೆಟ್ಟುಹೋದ ದೇವರ ಗೌರವಕ್ಕೆ ಸಲ್ಲಬೇಕಾದದ್ದು ಸಂದಿತು ಎಂದ. ಅಬೆಲಾರ್ಡ್ ಶಿಲುಬೆಯ ಪ್ರೀತಿ ಮನುಷ್ಯನ ಹೃದಯವನ್ನು ತಿರುಗಿಸುವುದೇ ಬಿಡುಗಡೆ ಎಂದ. ಬೆಲೆ ತೆತ್ತವನಿಗೆ ನೋವಾಯಿತು, ಸೆರೆಯಲ್ಲಿದ್ದವನು ಹೊರಗೆ ಬಂದ. ಸುವಾರ್ತೆಗಳು ಅಷ್ಟು ಹೇಳಿ ನಿಲ್ಲುತ್ತವೆ. ಅಲ್ಲಿಗೆ ನಿಲ್ಲುವುದು ನಮಗೂ ಒಳ್ಳೆಯದು ಎಂದು ನನ್ನ ಅನಿಸಿಕೆ.

ಇನ್ನು ನಂಬಿಕೆ. ಬಿಡುಗಡೆಯನ್ನು ಇನ್ನೊಬ್ಬ ತಂದುಕೊಟ್ಟನೆಂದರೆ ನಾವು ಮಾಡಬೇಕಾದದ್ದೇನು? ಇಲ್ಲಿ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಹೋಗಬೇಕು.

ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಸುಮಾರು ಇನ್ನೂರು ವರ್ಷದ ಹಿಂದೆ ಒಬ್ಬ ಗೌಡ ಹೊಲ ಉಳುತ್ತಿದ್ದಾಗ ಮರದ ಪ್ರತಿಮೆಯೊಂದು ಸಿಕ್ಕಿತಂತೆ. ಬೊಂಬೆ ಎಂದುಕೊಂಡು ಮಕ್ಕಳ ಕೈಗೆ ಕೊಟ್ಟನಂತೆ. ರಾತ್ರಿ ಕನಸಿನಲ್ಲಿ ಸನ್ಯಾಸಿಯೊಬ್ಬರು ಬಂದು ನನಗೊಂದು ಗುಡಿ ಕಟ್ಟು ಎಂದರಂತೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಕಷ್ಟಗಳು ಸಾಲುಗಟ್ಟಿದ ಮೇಲೆ ಚಿಕ್ಕ ಗುಡಿ ಕಟ್ಟಿದ. ಊರಲ್ಲಿ ಹೇಳಿಕೊಂಡು ಬಂದಿರುವ ಕಥೆ ಇದು. ಆ ಗುಡಿ ಬೆಳೆದು ಬೆಳೆದು 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಂದ ಬಸಿಲಿಕ ಎಂಬ ಗೌರವ ಪಡೆಯಿತು. ಬೆಂಗಳೂರಿನ ಶಿವಾಜಿನಗರ, ಕಾರ್ಕಳದ ಅತ್ತೂರುಗಳ ಸಾಲಿಗೆ ಭತ್ತದ ಗದ್ದೆಗಳ ನಡುವಿನ ಈ ಹಳ್ಳಿಯೂ ಸೇರಿತು. ಮಂಗಳವಾರ ಬಂದರೆ ಜನ. ಅಂತೋಣಿಯವರನ್ನು ಮಣ್ಣು ಮಾಡಿದ್ದು ಮಂಗಳವಾರ, ಅದಕ್ಕೇ ಆ ದಿನ. ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಮಗು ಆಗಲಿ, ಕೋರ್ಟಿನ ವ್ಯಾಜ್ಯ ಮುಗಿಯಲಿ, ಕಳೆದದ್ದು ಸಿಗಲಿ ಎಂಬ ಹರಕೆಗಳು.

ಹರಕೆ ಹೊತ್ತವರನ್ನು ಕಂಡು, ಇದು ದೇವರೊಡನೆ ವ್ಯಾಪಾರ ಎಂದು ಮೂಗು ಮುರಿಯುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ನಾನು ಅವರ ಜೊತೆ ಸೇರಲಾರೆ. ಕಷ್ಟದಲ್ಲಿ ಬಾಗಿಲು ತಟ್ಟುವವನು ಬಾಗಿಲ ಹಿಂದೆ ಯಾರೋ ಇದ್ದಾರೆಂದು ನಂಬಿಯೇ ತಟ್ಟುತ್ತಾನೆ. ಆದರೆ ಅಲ್ಲಿಗೇ ನಿಲ್ಲಬೇಡ ಎನ್ನುತ್ತದೆ ಬೋಧನೆ. ನಾನು ಇಷ್ಟು ಕೊಡುತ್ತೇನೆ, ನೀನು ಅಷ್ಟು ಕೊಡು ಎನ್ನುವಾಗ ನಂಬಿಕೆಯೇ ಒಂದು ನಾಣ್ಯವಾಗಿಬಿಡುತ್ತದೆ. ಬಿಡಿಸುವ ಬೆಲೆಯನ್ನು ಆಗಲೇ ಇನ್ನೊಬ್ಬ ಕಟ್ಟಿಯಾಗಿದೆ. ನಂಬಿಕೆ ಎಂದರೆ ಆ ಬೆಲೆಗೆ ನಾವು ಸೇರಿಸುವ ಚಿಲ್ಲರೆಯಲ್ಲ, ಕಟ್ಟಿದವನ ಮೇಲೆ ಪೂರ್ತಿ ಭಾರ ಬಿಡುವುದು. ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಹುಟ್ಟಿದ್ದು ಅಲುಗದ್ದು, ಗಟ್ಟಿಯಾದದ್ದು ಎಂಬ ಅರ್ಥದ ಹೀಬ್ರೂ ಧಾತುವಿನಿಂದ. ಕಂಬ ಗಟ್ಟಿ ಎಂದು ಬಾಯಲ್ಲಿ ಒಪ್ಪುವುದು ಬೇರೆ, ಬೆನ್ನು ಕೊಟ್ಟು ಒರಗುವುದು ಬೇರೆ. ಒರಗಿದವನ ಕಾಲಿನ ಮೇಲೆ ಅರ್ಧ ಭಾರ, ಕಂಬದ ಮೇಲೆ ಅರ್ಧ ಭಾರ ಇದ್ದರೆ ಅದು ವಿಶ್ರಾಂತಿಯಲ್ಲ. ಪೂರ್ಣ ಹೃದಯದ ನಂಬಿಕೆ ಎನ್ನುವಾಗ ಬೈಬಲ್ ಹೇಳುವುದು ಈ ಭಾರದ ವಿಷಯ.

ಸಂದೇಹವೇ ಬರಬಾರದು ಎಂದು ಅದರ ಅರ್ಥವಲ್ಲ. ಕಾಯಿಲೆಯ ಮಗನನ್ನು ಯೇಸುವಿನ ಬಳಿಗೆ ತಂದ ಅಪ್ಪನೊಬ್ಬ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಒಂದೇ ಉಸಿರಿನಲ್ಲಿ ಕೂಗಿಕೊಂಡದ್ದನ್ನು ಮಾರ್ಕನ ಸುವಾರ್ತೆ ಬರೆದಿಟ್ಟಿದೆ. ಯೇಸು ಅವನನ್ನು ತಿರುಗಿ ಕಳಿಸಲಿಲ್ಲ.

ಅಂತೋಣಿಯವರ ಬದುಕೂ ಇದೇ ಪಾಠ. 1195ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿದ ಫೆರ್ನಾಂಡೊ, ಮೊರಾಕ್ಕೊದಲ್ಲಿ ಕೊಲೆಯಾದ ಐವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ದೇಹಗಳನ್ನು ಕಂಡು ತಾನೂ ಹಾಗೇ ಪ್ರಾಣ ಕೊಡಬೇಕೆಂದು ಅಂತೋಣಿ ಎಂಬ ಹೆಸರು ಹೊತ್ತು ಅಲ್ಲಿಗೆ ಹೊರಟ. ಹೋದಲ್ಲಿ ಕಾಯಿಲೆ ಬಿದ್ದ. ಹಿಂತಿರುಗುವಾಗ ಗಾಳಿ ಹಡಗನ್ನು ಸಿಸಿಲಿಗೆ ದೂಡಿತು. ಅಂದುಕೊಂಡದ್ದು ಒಂದೂ ಆಗಲಿಲ್ಲ. ಆ ಸೋಲಿನಿಂದಲೇ ಇಟಲಿಗೆ ಒಬ್ಬ ದೊಡ್ಡ ಬೋಧಕ ಸಿಕ್ಕಿದ. ಡೋರ್ನಹಳ್ಳಿಗೆ ಹೋಗುವವರಿಗೆ ಅವರ ಪವಾಡಗಳು ಗೊತ್ತು, ಇನ್ನೊಂದು ಸಂಗತಿ ಅಷ್ಟಾಗಿ ಗೊತ್ತಿಲ್ಲ. ಆ ಕಾಲದಲ್ಲಿ ಇಟಲಿಯ ಪಾದುವಾ ನಗರದಲ್ಲಿ ಸಾಲ ತೀರಿಸಲಾಗದವನನ್ನು ಸೆರೆಮನೆಗೆ ತಳ್ಳುತ್ತಿದ್ದರು. 1231ರ ಮಾರ್ಚ್‌ನಲ್ಲಿ, ಅಂತೋಣಿಯವರ ಕೋರಿಕೆಯಂತೆ ಎಂದು ಹೆಸರು ಹೇಳಿಯೇ, ನಗರ ಒಂದು ಕಟ್ಟಳೆ ಮಾಡಿತು: ಇದ್ದದ್ದನ್ನು ಒಪ್ಪಿಸಿದ ಸಾಲಗಾರನನ್ನು ಸೆರೆಗೆ ಹಾಕುವಂತಿಲ್ಲ. ಅದಾಗಿ ಮೂರು ತಿಂಗಳಿಗೆ, ಜೂನ್ 13ರಂದು, ಅವರು ತೀರಿಕೊಂಡರು. ವರ್ಷ ತುಂಬುವ ಮೊದಲೇ ಸಂತರೆಂದು ಘೋಷಣೆಯಾಯಿತು. ಸಾಲದ ಸೀಮೆಯ ನಡುವೆ ಸಾಲಗಾರರ ಪರ ನಿಂತ ಸಂತನ ಗುಡಿ ಇದೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಕ್ರೈಸ್ತ ಧಾರೆ ವೆಸ್ಲಿಯನ್ ಮಿಷನ್ನಿನದು. ಮೈಸೂರಿನವರು ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಾರ್ಡ್ವಿಕ್ ಶಾಲೆ, ವೆಸ್ಲಿ ಅಚ್ಚುಕೂಟ ಎಲ್ಲ ಆ ಧಾರೆಯವು. 1947ರಿಂದ ಅವರು ದಕ್ಷಿಣ ಭಾರತ ಸಭೆ. ಅದರ ಮೂಲಪುರುಷ ಜಾನ್ ವೆಸ್ಲಿ 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಪಾದ್ರಿಯಾದ ತಾನು ಸಾವಿಗೆ ನಡುಗುತ್ತಿರುವಾಗ ಮೊರಾವಿಯನ್ ಪಂಥದ ಜರ್ಮನ್ ಕುಟುಂಬಗಳು, ಹೆಂಗಸರು ಮಕ್ಕಳೂ ಸೇರಿ, ಹಾಡು ನಿಲ್ಲಿಸದೆ ಕೂತದ್ದನ್ನು ಕಂಡ. ಅವರಲ್ಲಿದ್ದದ್ದು ತನ್ನಲ್ಲಿಲ್ಲ ಎಂದು ಅವನನ್ನು ಅದು ಎರಡು ವರ್ಷ ಕೊರೆಯಿತು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ, ಲೂಥರ್ ಬರೆದದ್ದನ್ನು ಯಾರೋ ಓದುತ್ತಿರುವಾಗ, ಎದೆ ಬೆಚ್ಚಗಾಗಿ, ಕ್ರಿಸ್ತನೊಬ್ಬನನ್ನೇ ನೆಚ್ಚಿದ್ದೇನೆ ಎಂಬುದು ಮೊದಲ ಬಾರಿಗೆ ಅನುಭವಕ್ಕೆ ಬಂತು. ಅಲ್ಲಿಯವರೆಗೆ ಅವನು ಉಪವಾಸ ಮಾಡಿದ್ದ, ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಂಡಿದ್ದ, ಬಡವರಿಗೆ ಕೊಟ್ಟಿದ್ದ. ಎಲ್ಲ ಇತ್ತು, ಒರಗಿರಲಿಲ್ಲ.

ಕಥೋಲಿಕರು ‘ವಿಶ್ವಾಸ’ ಎನ್ನುತ್ತಾರೆ, ಪ್ರೊಟೆಸ್ಟಂಟರು ‘ನಂಬಿಕೆ’ ಎನ್ನುತ್ತಾರೆ. ನಂಬಿಕೆಯೊಂದೇ ಸಾಕೋ ಸತ್ಕಾರ್ಯವೂ ಬೇಕೋ ಎಂದು ಯೂರೋಪಿನಲ್ಲಿ ರಕ್ತವೇ ಹರಿಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ಸಭೆಗಳೂ ಕೂಡಿ ಸಹಿ ಹಾಕಿದವು: ಮನುಷ್ಯ ದೇವರಿಗೆ ಸರಿಹೋಗುವುದು ತನ್ನ ಯೋಗ್ಯತೆಯಿಂದಲ್ಲ, ಕೃಪೆಯಿಂದ, ಒಳ್ಳೆಯ ಕೆಲಸ ಅದರ ಫಲ. 2006ರಲ್ಲಿ ವೆಸ್ಲಿಯ ಹಾದಿಯ ಮೆಥಡಿಸ್ಟರೂ ಸೇರಿಕೊಂಡರು. ಬಿಡಿಸಿಕೊಂಡು ಬಂದ ಸರ ಕತ್ತಿನಲ್ಲಿ ಹೊಳೆಯುತ್ತದೆ, ಹೊಳೆದದ್ದಕ್ಕೆ ಬಿಡಿಸಿದ್ದಲ್ಲ.

ಒಂದು ಮಾತನ್ನು ಮಾತ್ರ ಕೋಪದಿಂದಲೇ ಹೇಳಬೇಕಾಗಿದೆ. ನಂಬಿದರೆ ಬೆಳೆ ಬರುತ್ತದೆ, ಸಾಲ ತೀರುತ್ತದೆ. ತೀರದಿದ್ದರೆ ನಿನ್ನ ನಂಬಿಕೆಯೇ ಸಾಲದು ಎಂದು ಬೋಧಿಸುವವರು ಇಂದು ಎಲ್ಲೆಡೆ ಇದ್ದಾರೆ. ಮಳೆ ಹೆಚ್ಚಾಗಿ ಎಲೆ ಹಾಳಾದವನಿಗೆ, ದರ ಕುಸಿದು ಬೇಲನ್ನು ತಿರುಗಿ ಮನೆಗೆ ಹೊತ್ತು ತಂದವನಿಗೆ ಈ ಮಾತು ಎರಡನೇ ಸಾಲ ಹೊರಿಸಿದಂತೆ. ನಮ್ಮ ತಾಲ್ಲೂಕುಗಳಲ್ಲಿ ಸಾಲದ ಭಾರಕ್ಕೆ ಜೀವ ಕಳೆದುಕೊಂಡ ರೈತರಿದ್ದಾರೆ. ಅವರ ಮನೆಯ ಬಾಗಿಲಲ್ಲಿ ನಿಂತು ಇಂಥ ಬೋಧನೆ ಮಾಡುವ ಧೈರ್ಯ ಯಾರಿಗಿದೆ? ಬೈಬಲ್ ಹೀಗೆ ಹೇಳುವುದೂ ಇಲ್ಲ. ತನ್ನ ಬೊಂಬೆಗೆ ಅಡ್ಡಬೀಳದಿದ್ದರೆ ಬೆಂಕಿಯ ಕುಲುಮೆಗೆ ಎಸೆಯುತ್ತೇನೆಂದು ಬಾಬೆಲಿನ ಅರಸ ಹೇಳಿದಾಗ ಮೂವರು ಯೆಹೂದ್ಯ ಹುಡುಗರು ಕೊಟ್ಟ ಉತ್ತರ ದಾನಿಯೇಲನ ಗ್ರಂಥದಲ್ಲಿದೆ: ನಮ್ಮ ದೇವರು ಬಿಡಿಸಬಲ್ಲ, ಬಿಡಿಸದೇ ಹೋದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ. ‘ಬಿಡಿಸದೇ ಹೋದರೂ’ ಎನ್ನುವಲ್ಲಿ ವ್ಯಾಪಾರ ಮುಗಿದು ನಂಬಿಕೆ ಶುರುವಾಗುತ್ತದೆ.

ಪ್ರವಾದಿ ಯೆರೆಮೀಯನ ಕಥೆ ಇನ್ನೂ ವಿಚಿತ್ರ. ಬಾಬೆಲಿನ ಸೈನ್ಯ ಜೆರುಸಲೇಮನ್ನು ಸುತ್ತುವರಿದಿದೆ. ಪಟ್ಟಣ ಬೀಳುವುದು ಖಚಿತ; ಹಾಗೆಂದು ವರ್ಷಗಟ್ಟಲೆ ಸಾರಿದವನೂ ಅವನೇ, ಅದಕ್ಕಾಗಿ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿರುವವನೂ ಅವನೇ. ಆಗ ಚಿಕ್ಕಪ್ಪನ ಮಗ ಬಂದು, ಅನಾತೋತಿನ ನನ್ನ ಹೊಲ ತೆಗೆದುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಶತ್ರು ಬೀಡುಬಿಟ್ಟಿರುವ ನೆಲದ ಹೊಲ! ಯೆರೆಮೀಯ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿ, ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸಿದ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿ ತೋಟ ಕೊಳ್ಳುವ ಕಾಲ ಬರುತ್ತದೆ ಎಂಬ ಮಾತನ್ನು ನೆಚ್ಚಿ. ಆ ಹೊಲದಲ್ಲಿ ಅವನು ಉತ್ತದ್ದನ್ನಾಗಲಿ ಬಿತ್ತಿದ್ದನ್ನಾಗಲಿ ಬೈಬಲ್ ಹೇಳುವುದಿಲ್ಲ.

ಡೋರ್ನಹಳ್ಳಿಯ ದೊಡ್ಡ ಹಬ್ಬ ಜೂನ್ 13. ತೇರು ಎಳೆಯುವ ಆ ದಿನ ಸುಗ್ಗಿಯ ದಿನವಲ್ಲ. ಮುಂಗಾರು ಆಗಷ್ಟೇ ಕಾಲಿಟ್ಟಿರುತ್ತದೆ. ಹೊಗೆಸೊಪ್ಪಿನ ಸಸಿ ಇನ್ನೂ ಎಳೆಯದು, ಎಲೆ ಮುರಿಯುವ ಕಾಲ ದೂರ, ಹರಾಜು ಇನ್ನೂ ದೂರ. ಕೈಯಲ್ಲಿದ್ದ ದುಡ್ಡೆಲ್ಲ ಮಣ್ಣಿಗೆ ಹೋಗಿರುತ್ತದೆ. ಆ ಸಾಲಿನಲ್ಲಿ ಅವ್ವನ ಸೆರಗು ಹಿಡಿದು ನಾನು ಎಷ್ಟೋ ಸಲ ನಿಂತಿದ್ದೇನೆ. ಮಳೆಯ ಹನಿಗೆ ಆರದಂತೆ ಅವಳು ಒಂದು ಕೈಯನ್ನು ಬತ್ತಿಗೆ ಅಡ್ಡ ಹಿಡಿದಿರುತ್ತಿದ್ದಳು. ಕತ್ತು ಬರಿದಾಗಿರುತ್ತಿತ್ತು.